ಕಂಥೆ, ಬೊಂತೆ, ಕೌದಿ

ಹೊಲಿಗೆಯೆಂಬ ವಿದ್ಯೆಯು ಭಾರತವರ್ಷಕ್ಕೆ ತುರುಷ್ಕರೊಡನೆ ಬಂದಿತೆಂದೂ, ಅದಕ್ಕೆ ಮುಂಚೆ ನಮ್ಮವರು ಮಗ್ಗದಿಂದಿಳಿದ ಅರಿವೆಯನ್ನು ಹಾಗೆಯೇ ಉಟ್ಟು ಹೊದೆಯುತ್ತಿದ್ದರೆಂದೂ ಒಂದು ಮಾತು ಬಹುಕಾಲದಿಂದ ಪ್ರಚಾರದಲ್ಲಿದೆ. ಪಾಠಪುಸ್ತಕಗಳಲ್ಲಿ ಸಹ ಇದು ನುಸುಳಿರುವುದುಂಟು. ಕತ್ತರಿಸಿ ಮೈಗೆ ಅಳವಡಿಸಿದ ಕೆಲವು ಬಗೆಯ ಉಡುಪುಗಳ ಮಟ್ಟಿಗೆ ಈ ಮಾತಿನಲ್ಲಿ ಸ್ವಲ್ಪ ಸತ್ಯಾಂಶವಿರಬಹುದು. ಆದರೆ ಸೂಜಿ ಮತ್ತು ದಾರಗಳ ಕೆಲಸಕ್ಕೆಲ್ಲ ಇದನ್ನು ಅನ್ವಯಿಸುವುದು ಸರಿಯಲ್ಲ. ಅರಮನೆಯ ಉಡುಪನ್ನು ಬಿಟ್ಟು ಬಡವರ ಹೊದಿಕೆಯನ್ನು ಹಿಡಿದು ನೋಡಿದರೆ ಈ ವಿಷಯವು ಬೇರೆಯಾಗಿ ಕಾಣುತ್ತದೆ. ಆ ಹೊದಿಕೆಯೇ ಸಂಸ್ಕೃತದ ಕಂಥೆ, ಹಳೆಯ ಕನ್ನಡದ ಬೊಂತೆ, ಈಗಿನ ಕೌದಿ.

ಮೊದಲು ಸೂಜಿಯ ಪ್ರಾಚೀನತೆಯನ್ನು ನೋಡೋಣ. ಮೊಹೆಂಜೊದಾರೋ ನಗರದ ಅಗೆತದಲ್ಲಿ ತಾಮ್ರದ ಮತ್ತು ಕಂಚಿನ ಸೂಜಿಗಳು ದೊರೆತಿವೆ. ಕಾಶ್ಮೀರದ ಬುರ್ಜಹೋಮಿನ ನವಶಿಲಾಯುಗದ ನೆಲೆಯಲ್ಲಿ ಮೂಳೆಯ ಸೂಜಿಗಳು ಸಿಕ್ಕಿವೆ. ಋಗ್ವೇದದ ಎರಡನೆಯ ಮಂಡಲದ 32ನೆಯ ಸೂಕ್ತದಲ್ಲಿ ಹುಣ್ಣಿಮೆಯ ದೇವತೆಯಾದ ರಾಕೆಯನ್ನು ಕುರಿತು, ಮುರಿಯದ ಸೂಜಿಯಿಂದ ನಮ್ಮ ಕರ್ಮವನ್ನು ಹೊಲಿದು ವೀರನಾದ ಪುತ್ರನನ್ನು ಕೊಡಬೇಕೆಂಬ ಪ್ರಾರ್ಥನೆಯಿದೆ. ಈ ಋಕ್ಕನ್ನು ಗೃಹ್ಯಸೂತ್ರಕಾರರು ಸೀಮಂತೋನ್ನಯನದಲ್ಲಿ ವಿನಿಯೋಗಿಸಿರುವರು. ಹೊಲಿಯುವ ಕೆಲಸವು ಮನೆಮಾತಾಗಿರದಿದ್ದರೆ ಗರ್ಭದ ಶಿಶುವು ಅಂಗಾಂಗವಾಗಿ ಕೂಡಿಬರುವುದಕ್ಕೆ ಋಷಿಗೆ ಈ ಉಪಮೆ ಹೊಳೆಯುತ್ತಿರಲಿಲ್ಲ. ನಾವು ಪಂಡಿತರು ದಿನಕ್ಕೆ ಹತ್ತು ಸಲ ಬಳಸುವ ‘ಅನುಸ್ಯೂತ’ ಎಂಬ ಪದವೂ ಇದೇ ‘ಸಿವ್’ ಧಾತುವಿನದು. ಉದ್ದಕ್ಕೂ ಹೊಲಿದುಕೊಂಡು ಹೋದದ್ದು ಎಂದು ಅದರ ಅಕ್ಷರಾರ್ಥ. ತುರುಷ್ಕರಿಗಿಂತ ಅನೇಕ ಶತಮಾನಗಳ ಹಿಂದಿನವನಾದ ಅಮರಸಿಂಹನು ತುನ್ನವಾಯ, ಸೌಚಿಕ ಎಂಬ ಎರಡು ಪದಗಳನ್ನು ಹೊಲಿಯುವವನಿಗೆ ಪರ್ಯಾಯವಾಗಿ ಹೇಳಿರುವನು. ಕೂರ್ಪಾಸಕವೆಂಬ ಸ್ತ್ರೀಯರ ಉಡುಪನ್ನೂ ಅವನೇ ಹೆಸರಿಸುವನು. ನಮ್ಮ ‘ಕುಪ್ಪಸ’ವು ಅದರ ತದ್ಭವ.

ಕನ್ನಡದ ಮಟ್ಟಿಗೆ ಹೇಳುವುದಾದರೆ ‘ಸೂಜಿ’ಯು ‘ಸೂಚಿ’ಯ ತದ್ಭವವಾದರೂ ‘ಹೊಲಿ’ ಎಂಬ ಧಾತು ಅಚ್ಚ ದೇಶ್ಯ. ಅದರ ಹಳಗನ್ನಡ ರೂಪ ‘ಪೊಲಿ’. ಆದಕಾರಣ ಪಕಾರವು ಹಕಾರವಾಗುವುದಕ್ಕೆ ಮೊದಲೇ ಈ ಕೆಲಸಕ್ಕೆ ನಮ್ಮಲ್ಲಿ ಸ್ವಂತ ಹೆಸರಿದ್ದಿತು. ದಪ್ಪ ಸೂಜಿಗೆ ‘ದಬ್ಬಣ’ವೆಂಬ ಬೇರೆ ಪದವಿರುವುದನ್ನೂ ಗಮನಿಸಬೇಕು. ನಮ್ಮ ಶರಣರಲ್ಲಿ ನೇಯುವ ಜೇಡರ ದಾಸಿಮಯ್ಯ, ನೂಲುವ ಕದಿರ ರೆಮ್ಮವ್ವೆ ಇವರೊಡನೆ ಸೂಜಿಕಾಯಕದ ರಾಮಿತಂದೆಯೂ ಇರುವುದು ವಿದ್ವಾಂಸರಿಗೆ ವಿದಿತವೇ ಆಗಿದೆ.

ಇಷ್ಟೆಲ್ಲ ಇದ್ದೂ ಮೇಲ್ಕಂಡ ಮಾತು ಹುಟ್ಟಿದುದೇಕೆ? ವೈದಿಕ ಕರ್ಮಕ್ಕೆ ಅಹತವಸ್ತ್ರವೇ, ಎಂದರೆ ಹೊಸದಾಗಿ ಕತ್ತರಿ ಸೋಕದೆ ಇರುವ ವಸ್ತ್ರವೇ ಪ್ರಶಸ್ತವೆಂದು ನಮ್ಮ ಶಾಸ್ತ್ರಗಳು ವಿಧಿಸುತ್ತವೆ. ಬರೆದವರು ಕರ್ಮಠರು. ಅವರು ಮಡಿಯನ್ನು ಕುರಿತು ಬರೆದರೇ ಹೊರತು ರಾತ್ರಿ ಹೊದ್ದು ಮಲಗುವುದನ್ನು ಕುರಿತು ಬರೆಯಲಿಲ್ಲ. ಯಜ್ಞಶಾಲೆಗೆ ಬಾರದ ವಸ್ತುವು ಮನೆಯಲ್ಲಿಯೂ ಇರಲಿಲ್ಲವೆಂದು ಈಚಿನವರು ತಿಳಿದುಕೊಂಡರು. ಇದು ಶಾಸ್ತ್ರದ ದೋಷವಲ್ಲ, ಓದಿದವರ ದೋಷ.

ಇನ್ನು ಕಂಥಾ ಶಬ್ದವನ್ನು ವಿಚಾರಿಸತಕ್ಕದ್ದು. ಪಾಣಿನಿಯು ಅಷ್ಟಾಧ್ಯಾಯಿಯ 2.4.20ನೆಯ ಸೂತ್ರದಲ್ಲಿ, ಉಶೀನರ ದೇಶದ ಊರುಗಳ ಹೆಸರಾದಾಗ ಕಂಥಾಂತವಾದ ತತ್ಪುರುಷವು ನಪುಂಸಕವಾಗುವುದೆಂದು ವಿಧಿಸಿರುವನು. 4.2.102 ಮತ್ತು 103ನೆಯ ಸೂತ್ರಗಳಲ್ಲಿ ಅದೇ ಶಬ್ದಕ್ಕೆ ತದ್ಧಿತ ಪ್ರತ್ಯಯಗಳನ್ನು ಹೇಳಿರುವನು. ಅಲ್ಲಿ ಕಂಥೆಯೆಂದರೆ ಊರು. ವಾಸುದೇವಶರಣ ಅಗ್ರವಾಲರು 1953ರಲ್ಲಿ ಪ್ರಕಟವಾದ ತಮ್ಮ ಪಾಣಿನಿಕಾಲೀನ ಭಾರತದ ಗ್ರಂಥದಲ್ಲಿ ಈ ಕಂಥೆಯು ವಾಯವ್ಯ ದೇಶಗಳ ನಗರವಾಚಕ ಶಬ್ದವೆಂದು ತೋರಿಸಿರುವರು; ಸಮರ್‌ಕಂದದ ಕೊನೆಯ ಭಾಗವೂ ಆ ಕುಲದ್ದೇ. ಬಾಲ್ಯದಲ್ಲಿ ಪಾಠಶಾಲೆಯ ಜಗುಲಿಯಲ್ಲಿ ಕೌದಿಯನ್ನು ಹೊದ್ದು ಕುಳಿತು ಈ ಸೂತ್ರಗಳನ್ನು ಉರುಹೊಡೆಯುತ್ತಿದ್ದಾಗ, ಕಂಥೆಯೆಂದರೆ ಊರಲ್ಲದೆ ಬೇರೇನೋ ಉಂಟೆಂದು ನಮಗೆ ಯಾರೂ ಹೇಳಲಿಲ್ಲ, ಹೊದ್ದಿದ್ದುದೇ ಅದು! ಊರಿನ ಕಂಥೆಗೂ ಬಟ್ಟೆಯ ಕಂಥೆಗೂ ಸಂಬಂಧ ಕಲ್ಪಿಸುವ ಪ್ರಯತ್ನವು ವ್ಯರ್ಥವೆಂದು ನನ್ನ ಅಭಿಪ್ರಾಯ. ಇವು ಒಂದೇ ಧ್ವನಿಯ ಎರಡು ಶಬ್ದಗಳು.

ಬಟ್ಟೆಯ ಕಂಥೆಯು ಸಾಹಿತ್ಯದಲ್ಲಿ ಕಾಣಿಸಿಕೊಳ್ಳುವುದು ವಿರಕ್ತರ ಹೆಗಲ ಮೇಲೆ. ಭರ್ತೃಹರಿಯ ವೈರಾಗ್ಯಶತಕದಲ್ಲಿ ಅದು ಕೌಪೀನದ ಜೊತೆಗಾತಿ. ಬೌದ್ಧರಲ್ಲಿ ಇದಕ್ಕೆ ಇನ್ನೂ ಸ್ಪಷ್ಟವಾದ ಪ್ರಮಾಣ ದೊರೆಯುತ್ತದೆ. ಕಸದಿಂದ ಆಯ್ದ ಚಿಂದಿಗಳ ಚೀವರಕ್ಕೆ ಪಾಂಸುಕೂಲವೆಂದು ಹೆಸರು. ವಿನಯಪಿಟಕದ ಮಹಾವಗ್ಗದಲ್ಲಿ ಬುದ್ಧನು ಮಗಧದ ಗದ್ದೆಗಳನ್ನೂ ಅವುಗಳ ಬದುಗಳನ್ನೂ ತೋರಿಸಿ, ಇಂತಹ ವಿನ್ಯಾಸದ ಚೀವರವನ್ನು ಮಾಡಬಲ್ಲೆಯಾ ಎಂದು ಆನಂದನನ್ನು ಕೇಳಿದನೆಂದೂ, ಆನಂದನು ಹಾಗೆಯೇ ತುಂಡುಗಳನ್ನು ಜೋಡಿಸಿ ಹೊಲಿದನೆಂದೂ ಇದೆ. ಚುಲ್ಲವಗ್ಗದಲ್ಲಿ ಸೂಜಿ, ಸೂಜಿಯ ಕೊಳವೆ, ಬೆರಳಿಗೆ ಹಾಕುವ ಕಾಪು, ಬಟ್ಟೆಯನ್ನು ಬಿಗಿದು ಹೊಲಿಯುವ ‘ಕಠಿನ’ವೆಂಬ ಚೌಕಟ್ಟು, ಇವೆಲ್ಲವುಗಳಿಗೆ ಅನುಜ್ಞೆಯಿದೆ. ಮಳೆಗಾಲದ ಕೊನೆಯಲ್ಲಿ ಬೌದ್ಧರು ಆಚರಿಸುವ ಕಠಿನೋತ್ಸವದ ಹೆಸರು ಈ ಹೊಲಿಗೆಯ ಚೌಕಟ್ಟಿನದೇ.

ಕನ್ನಡಕ್ಕೆ ಬಂದಾಗ ಕಂಥೆಯು ‘ಕಂತೆ’ಯಾಗಿ, ಹಳೆಯ ಬಟ್ಟೆಯ ಗಂಟು ಎಂಬರ್ಥದಿಂದ ಯಾವ ಗಂಟಿಗಾದರೂ ಸಲ್ಲುವ ಪದವಾಯಿತು. ‘ಕಂತೆಗೆ ತಕ್ಕ ಬೊಂತೆ’ ಎಂಬ ಗಾದೆಯನ್ನು ಆಡುವವರಲ್ಲಿ ಬಹುಮಂದಿಗೆ ಎರಡು ಪದಗಳೂ ಒಂದೇ ವಸ್ತುವಿನ ಹೆಸರುಗಳೆಂಬುದು ಮರೆತಿದೆ. ಬೊಂತೆಯು ಸಂಸ್ಕೃತವಲ್ಲ. ತೆಲುಗಿನಲ್ಲಿ ಇಂದಿಗೂ ‘ಬೊಂತ’ವೆಂದರೆ ಕೌದಿಯೇ. ಸಂಸ್ಕೃತದ ಕಂಥೆಯೂ ದೇಶ್ಯದ ಬೊಂತೆಯೂ ಈ ಗಾದೆಯಲ್ಲಿ ಪ್ರಾಸದ ದಾರದಿಂದ ಒಂದಾಗಿವೆ.

ಇಲ್ಲಿಯೇ ಬೊಂತಾದೇವಿಯ ವಿಷಯವನ್ನು ಹೇಳಬೇಕು. ಕಾಶ್ಮೀರದ ಮಾಂಡವ್ಯಪುರದ ಅರಸನ ಮಗಳಾದ ನಿಜದೇವಿಯು ಸರ್ವವನ್ನೂ ತ್ಯಜಿಸಿ ದಿಗಂಬರೆಯಾಗಿ ಕಲ್ಯಾಣಕ್ಕೆ ಹೊರಟಳೆಂದೂ, ಶಿವನು ಅವಳಿಗೆ ಬೊಂತೆಯನ್ನು ಕೊಟ್ಟುದರಿಂದ ಬೊಂತಾದೇವಿಯೆಂಬ ಹೆಸರು ಬಂದಿತೆಂದೂ ವೀರಶೈವ ಪರಂಪರೆಯು ಹೇಳುತ್ತದೆ. ‘ಬಿಡಾಡಿ’ ಎಂಬ ಅಂಕಿತದ ಅವಳ ವಚನಗಳು ನಮಗೆ ದೊರೆತಿವೆ. ಕಥೆಯ ಅಲೌಕಿಕಾಂಶವನ್ನು ಶ್ರದ್ಧಾಳುಗಳಿಗೆ ಬಿಡೋಣ. ಕಾಶ್ಮೀರದಲ್ಲಿ ಯಾರೂ ಬೊಂತೆಯೆಂದು ಕರೆಯುತ್ತಿರಲಿಲ್ಲವಾದುದರಿಂದ ಈ ಹೆಸರು ಅವಳಿಗೆ ಕನ್ನಡಿಗರ ಬಾಯಿಂದ ಬಂದದ್ದೆಂಬುದು ನಿಶ್ಚಯ. ಜರತಾರಿಯಲ್ಲಿ ಹುಟ್ಟಿದವಳನ್ನು ಈ ನಾಡು ಚಿಂದಿಯ ಹೊದಿಕೆಯ ಹೆಸರಿನಿಂದ ಕರೆದು ಪೂಜಿಸಿತು. ಕೌದಿಯ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಬಿರುದು ಬೇರೆಲ್ಲಿಯೂ ಕಂಡುಬಂದಿಲ್ಲ.

‘ಕವುದಿ’ ಅಥವಾ ‘ಕೌದಿ’ ಎಂಬುದು ಮುಚ್ಚು ಎಂಬರ್ಥದ ‘ಕವಿ’ ಧಾತುವಿನಿಂದ ಬಂದುದೆಂದು ನನಗೆ ತೋರುತ್ತದೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಇದನ್ನು ಹೊಲಿಯುವ ಕ್ರಮ ಹೀಗಿದೆ. ಹಳೆಯ ಇಳಕಲ್ಲ ಸೀರೆಯನ್ನೋ ಧೋತರವನ್ನೋ ನೆಲದ ಮೇಲೆ ಹಾಸಿ, ಅದರ ಮೇಲೆ ಹರಕುಗಳನ್ನು ಪದರಪದರವಾಗಿ ಹರಡಿ, ಅಂಚನ್ನು ಮಡಿಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಕೂಡಿಸಿ, ಸಾಲುಸಾಲಾಗಿ ಓಟದ ಹೊಲಿಗೆಯನ್ನು ಹಾಕುವರು. ಹೊಸ ಬಟ್ಟೆಯು ಇದಕ್ಕೆ ಒಗ್ಗುವುದಿಲ್ಲ. ಅನೇಕ ಸಲ ಒಗೆದು ಮೆತ್ತಗಾದ ನೂಲೇ ಬೇಕು. ಬಿಸಿಲೇರಿದ ಮೇಲೆ ಅಡಿಗೆಯ ಕೆಲಸ ಮುಗಿಸಿ ನೆರೆಯ ಹೆಂಗಸರು ನಾಲ್ಕು ಮೂಲೆಗೆ ಕುಳಿತು ಮಾತಾಡುತ್ತ ಹಾಡುತ್ತ ಹೊಲಿಯುವುದುಂಟು. ಇದು ದುಡಿಮೆಯೂ ಹೌದು, ವಿನೋದವೂ ಹೌದು. ತೊಟ್ಟಿಲ ಮಗುವಿಗೆ ಅಜ್ಜಿಯ ಹಳೆಯ ಸೀರೆಯ ಕೌದಿಯೇ ಆಗಬೇಕು. ರಾಕಾದೇವಿಯ ಋಕ್ಕನ್ನು ಅಲ್ಲಿ ಯಾರೂ ಓದಿಲ್ಲ.

ಧಾರವಾಡ ಪ್ರಾಂತದ ಕಸೂತಿಯನ್ನು ಕುರಿತು ಬರೆದವರು ಅನೇಕರಿರುವುದರಿಂದ ಒಂದೆರಡು ಮಾತು ಸಾಕು. ಗವಂತಿ, ಮುರಗಿ, ನೇಯಿಗೆ, ಮೆಂಥೆ ಎಂಬ ನಾಲ್ಕು ಹೊಲಿಗೆಗಳಲ್ಲಿ, ಎಳೆಗಳನ್ನು ಎಣಿಸಿ, ಚಿತ್ರವನ್ನು ಮೊದಲು ಬರೆದುಕೊಳ್ಳದೆ, ಗೋಪುರ, ತೇರು, ತುಳಸೀ ವೃಂದಾವನ, ಆನೆಗಳನ್ನು ಮೂಡಿಸುವರು. ಹೆಸರನ್ನು ‘ಕೈ’ ಮತ್ತು ‘ಸೂತಿ’ ಎಂದು ಬಿಡಿಸುವುದು ರೂಢಿ. ಸೂತಿಯು ಸೂತ್ರದ ತದ್ಭವವಾದುದರಿಂದ ಕೇಶಿರಾಜನ ಮತದಂತೆ ಇಲ್ಲಿ ಅರಿಸಮಾಸದ ದೋಷವಿಲ್ಲ. ಉಣ್ಣೆಯ ನೂಲಿನ ಹೆಣಿಗೆಯಾದರೋ ಈಚಿನದು. ಪಾಶ್ಚಾತ್ಯರ ಸಂಪರ್ಕದಿಂದ ಬಂದುದು.

ಬಂಗಾಳದಲ್ಲಿ ಕಂಥೆಯ ಅದೃಷ್ಟ ಬೇರೆಯಾಯಿತು. ಅಲ್ಲಿಯ ಹೊಲಿದ ಹಾಸುಗಳನ್ನು ಹದಿನಾರು ಹದಿನೇಳನೆಯ ಶತಮಾನಗಳಲ್ಲಿ ಪೋರ್ತುಗೀಸರು ಹಡಗಿನಲ್ಲಿ ಒಯ್ದರು. 1939ರಲ್ಲಿ ಸ್ಟೆಲ್ಲಾ ಕ್ರಾಮ್ರಿಷ್ ಅವರು ಕಂಥೆಯನ್ನು ಕುರಿತು ಪ್ರೌಢಲೇಖನ ಬರೆದರು. ಗುರುಸದಯ ದತ್ತರು ಹಳ್ಳಿಹಳ್ಳಿಗಳಿಂದ ಕಂಥೆಗಳನ್ನು ಸಂಗ್ರಹಿಸಿದರು. ನಮ್ಮ ಕೌದಿಗೆ ಅಂತಹ ಕಾಲದಲ್ಲಿ ಅಂತಹ ಸಂಗ್ರಾಹಕರು ಒದಗಲಿಲ್ಲ. ಅದು ಹರಿಯುವವರೆಗೆ ಬಳಕೆಯಾಗಿ, ಹರಿದ ಮೇಲೆ ಮತ್ತೊಂದು ಕೌದಿಯ ಒಳಪದರವಾಗುತ್ತದೆ. ಹೀಗಾಗಿ ನೂರು ವರ್ಷ ಹಿಂದಿನ ಕೌದಿಯನ್ನು ಹುಡುಕುವವರು ಈಗಿನದರ ಹೊಟ್ಟೆಯನ್ನು ಬಿಚ್ಚಿ ನೋಡಬೇಕು.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಸೀಮೆಯ ಸಿದ್ದಿಯರ ಕೌದಿಗಳು ಮಾತ್ರ ಈಚೆಗೆ ವಿದ್ವಾಂಸರ ಕಣ್ಣಿಗೆ ಬಿದ್ದಿವೆ. ಆಫ್ರಿಕಾ ಖಂಡದಿಂದ ಬಂದವರ ಸಂತತಿಯವರಾದ ಇವರು ತಮ್ಮ ಹೊದಿಕೆಯನ್ನು ‘ಕವಂದ್’ ಎನ್ನುವರು. ಅಮೆರಿಕದ ಕಲಾಚರಿತ್ರಕಾರರಾದ ಹೆನ್ರಿ ಜಾನ್ ಡ್ರೂವಾಲ್ ಅವರು ಇವುಗಳನ್ನು ಸಂಗ್ರಹಿಸಿ ವಿವರಿಸಿರುವರು. ಒಂದು ಮೂಲೆಯಿಂದ ಹೊಲಿಗೆ ಹಿಡಿದು ಅಂಚಿನ ಗುಂಟ ಸುತ್ತಿ ಸುತ್ತಿ ನಡುವಿಗೆ ಬಂದು ನಿಲ್ಲಿಸುವರು. ಕ್ರೈಸ್ತರ ಮನೆಯದರಲ್ಲಿ ಶಿಲುಬೆಯೂ ಮುಸಲ್ಮಾನರ ಮನೆಯದರಲ್ಲಿ ಬಾಲಚಂದ್ರನೂ ತುಂಡುಗಳ ನಡುವೆ ಕಾಣಬಹುದು. ನಾಲ್ಕು ಮೂಲೆಗಳಿಗೂ ಮುಕ್ಕೋಣವಾಗಿ ಮಡಿಸಿದ ಬಟ್ಟೆಯ ‘ಫೂಲ’ಗಳನ್ನು, ಎಂದರೆ ಹೂಗಳನ್ನು, ಸೇರಿಸುವರು. ಹೂವಿಲ್ಲದ ಕವಂದವು ಅವರ ಎಣಿಕೆಯಲ್ಲಿ ಬತ್ತಲೆ.