ಬಸವನಗುಡಿಯ ಬಂಡೆಗಳೂ ಬಯಲುಗಳೂ

ಬೆಂಗಳೂರು ಕೋಟೆಗೆ ದಕ್ಷಿಣದಲ್ಲಿ, ಮೂಡಲಿಗೆ ಲಾಲ್‌ಬಾಗಿನ ಬಂಡೆಯನ್ನೂ ಪಡುವಲಿಗೆ ಕೆಂಪಾಂಬುಧಿ ಕೆರೆಯನ್ನೂ ಇಟ್ಟುಕೊಂಡು ಏರಿನಿಂತ ನೆಲದ ಮೇಲೆ ಬಸವನಗುಡಿಯ ಬಡಾವಣೆ ಹಬ್ಬಿದೆ. ಇಲ್ಲಿನ ಉದ್ಯಾನಗಳ ನೆರಳನ್ನೂ ಶಾಂತಿಯನ್ನೂ ಕಂಡು ಸಂತೋಷಪಡುವವರು ಅದರ ಶ್ರೇಯಸ್ಸನ್ನೆಲ್ಲ ಬಡಾವಣೆಯ ನಕ್ಷೆಯನ್ನು ಸಿದ್ಧಪಡಿಸಿದವರಿಗೇ ಸಲ್ಲಿಸುವುದುಂಟು. ಅವರ ದೂರದೃಷ್ಟಿ ಸ್ತುತ್ಯರ್ಹವಾದುದೇ ಸರಿ. ಆದರೆ ಈ ಬಯಲುಗಳಲ್ಲಿ ಮುಖ್ಯವಾದವುಗಳು ನಕ್ಷೆ ಹುಟ್ಟುವುದಕ್ಕೆ ಎಷ್ಟೋ ಮೊದಲಿನಿಂದಲೇ ಇಲ್ಲಿದ್ದುವೆಂಬುದನ್ನೂ, ಅವು ಉಳಿದುಕೊಂಡದ್ದಕ್ಕೆ ಕಾರಣ ಶಿಲೆಯ ಕಾಠಿನ್ಯವೂ ಜನರ ಭಕ್ತಿಯೂ ಆಗಿದ್ದುವೆಂಬುದನ್ನೂ ನಾವು ಮರೆಯಲಾಗದು. ಸುಂಕೇನಹಳ್ಳಿ, ಗವಿಪುರ, ಗುಟ್ಟಹಳ್ಳಿ, ಮಾವಳ್ಳಿಗಳೆಂಬ ಹಳ್ಳಿಗಳ ನಡುವಣ ಈ ಪ್ರದೇಶ ಆಗ ಊರಿನ ಅಂಚು. ಕೆಂಪೇಗೌಡರ ವಂಶದವರು ನಿಲ್ಲಿಸಿದರೆಂದು ಪ್ರತೀತಿಯಿರುವ ನಾಲ್ಕು ಗಡಿಗೋಪುರಗಳ ಪೈಕಿ ಒಂದು ಲಾಲ್‌ಬಾಗಿನ ಬಂಡೆಯ ಮೇಲೆಯೂ ಇನ್ನೊಂದು ಕೆಂಪಾಂಬುಧಿಯ ಸಮೀಪದಲ್ಲಿಯೂ ಇಂದಿಗೂ ನಿಂತಿವೆ.

ಲಾಲ್‌ಬಾಗಿನ ಬಂಡೆಯನ್ನು ಏರತಕ್ಕವರಲ್ಲಿ ಹೆಚ್ಚಿನವರ ಕಣ್ಣು ಗೋಪುರದ ಮೇಲೆ ನೆಟ್ಟಿರುತ್ತದೆ. ಒಂದು ಗಳಿಗೆ ಬಗ್ಗಿ ಕಾಲಡಿಯ ಕಲ್ಲನ್ನು ನೋಡಿದರೆ, ಬೆಳ್ಳಗಿನ ಪಟ್ಟಿಯ ಪಕ್ಕದಲ್ಲಿ ಕಪ್ಪು ಪಟ್ಟಿ, ಅದರ ಪಕ್ಕದಲ್ಲಿ ಮತ್ತೆ ಬೆಳ್ಳಗಿನದು, ಹೀಗೆ ಕಂಬಳಿಯ ಅಂಚಿನಂತೆ ಸಾಗುವ ಪಟ್ಟೆಗಳು ಕೆಲವೆಡೆ ನೆಟ್ಟಗೆ ಹರಿದು, ಕೆಲವೆಡೆ ಸುತ್ತಿ ಮಡಿಸಿಕೊಂಡಿರುವುದು ಕಾಣುತ್ತದೆ. ಬಿಳಿಯದು ಬೆಣಚು ಮತ್ತು ಫೆಲ್ಡ್‌ಸ್ಪಾರ್, ಕಪ್ಪಿನಲ್ಲಿ ಮಿನುಗುವುದು ಕಾಗೆಬಂಗಾರ. ಭೂಗರ್ಭದ ತಾಪಕ್ಕೂ ಒತ್ತಡಕ್ಕೂ ಸಿಕ್ಕಿ ಶಿಲೆಯೇ ಮೆದುವಾಗಿ ಬಾಗಿದುದರ ಗುರುತು ಆ ಮಡಿಕೆಗಳು. ಸುಮಾರು 300 ಕೋಟಿ ವರ್ಷಗಳಷ್ಟು ಪ್ರಾಚೀನವಾದ ಈ ಶಿಲಾಜಾತಿಗೆ ಪೆನಿನ್ಸುಲಾರ್ ನೈಸ್ ಎಂಬ ಹೆಸರನ್ನು 1916ರಲ್ಲಿ ಬಳಕೆಗೆ ತಂದವರು ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯಲ್ಲಿದ್ದ ಸ್ಮೀತ್ ಅವರು. 1975ರಲ್ಲಿ ಈ ಬಂಡೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿತವಾಯಿತು. ದೊಡ್ಡಬಸವಣ್ಣನ ಗುಡಿಯ ಮಗ್ಗುಲಿಗಿರುವ ಕಹಳೆ ಬಂಡೆಯೂ ಇದೇ ಜಾತಿಯ ಶಿಲೆ. ಹಿಂದೆ ಕಾವಲುಗಾರರು ಸಂಜೆಯ ಹೊತ್ತು ಅದರ ಮೇಲೆ ನಿಂತು ಕಹಳೆಯೂದುತ್ತಿದ್ದರಾದುದರಿಂದ ಅದಕ್ಕೆ ಆ ಹೆಸರು ನಿಂತಿತೆಂದು ಹೇಳುತ್ತಾರೆ.

ಬಡಾವಣೆಗೆ ಹೆಸರನ್ನು ಕೊಟ್ಟ ಬಸವ ಏಕಶಿಲೆಯಲ್ಲಿ ಕಡೆದ ಮೂರ್ತಿ. ಎತ್ತರ ಹದಿನೈದು ಅಡಿಗಳ ಆಸುಪಾಸು, ಉದ್ದ ಸುಮಾರು ಇಪ್ಪತ್ತು ಅಡಿ. ಬಸವ ಬೆಳೆಯುತ್ತಲೇ ಹೋದನೆಂದೂ, ಅವನ ನೆತ್ತಿಯ ಮೇಲೆ ತ್ರಿಶೂಲವನ್ನು ನೆಟ್ಟ ಮೇಲೆ ಬೆಳವಣಿಗೆ ನಿಂತಿತೆಂದೂ ಹಿರಿಯರು ಹೇಳುತ್ತಾರೆ. ಸುತ್ತಣ ಹಳ್ಳಿಗಳ ರೈತರ ಕಡಲೆಕಾಯಿ ಹೊಲಗಳನ್ನು ಒಂದು ಬಸವ ರಾತ್ರಿಯ ವೇಳೆ ಮೇಯ್ದು ಹಾಳುಮಾಡುತ್ತಿತ್ತೆಂದೂ, ಅದನ್ನು ಶಾಂತಗೊಳಿಸಲು ಅವರು ಗುಡಿ ಕಟ್ಟಿಸಿ ಬೆಳೆಯ ಮೊದಲ ಪಾಲನ್ನು ಅರ್ಪಿಸತೊಡಗಿದರೆಂದೂ ಇನ್ನೊಂದು ಕಥೆಯುಂಟು. ಕಡಲೆಕಾಯಿ ಅಮೆರಿಕ ಖಂಡದಿಂದ ಬಂದ ಬೆಳೆಯಾದುದರಿಂದ ಕಥೆಯ ಈ ರೂಪ ಕೆಂಪೇಗೌಡರ ಕಾಲದ್ದೆಂದು ಒಪ್ಪುವುದು ನನಗೆ ಕಷ್ಟವೆನಿಸುತ್ತದೆ; ಆದರೆ ಉಳುವವನಿಗೂ ಈ ಗುಡ್ಡಕ್ಕೂ ಇದ್ದ ಸಂಬಂಧವನ್ನು ಅದು ಯಥಾರ್ಥವಾಗಿಯೇ ತಿಳಿಸುತ್ತದೆ. ಕಾರ್ತಿಕದ ಕಡೆಯ ಸೋಮವಾರದಂದು ನಡೆಯುವ ಕಡಲೆಕಾಯಿ ಪರಿಷೆಯಲ್ಲಿ ಗುಡಿಯ ಮುಂದಿನ ಬೀದಿಯ ಎರಡು ಮಗ್ಗುಲಲ್ಲಿಯೂ ಹಸಿ ಕಾಯಿಯ, ಒಣ ಕಾಯಿಯ, ಹುರಿದ ಕಾಯಿಯ ರಾಶಿಗಳು ಬಿದ್ದಿರುತ್ತವೆ. ಸೇರಿನಲ್ಲಿ ಅಳೆದು ಕೊಟ್ಟ ಮೇಲೆ ಕೊಸರಿಗೆಂದು ಒಂದು ಹಿಡಿ ಹಾಕುವ ವಾಡಿಕೆಯನ್ನು ಬಲ್ಲವರು ಕೇಳಿಯೇ ಪಡೆಯುತ್ತಾರೆ. ದೇವರ ಸನ್ನಿಧಿಯ ಜಾಗವೆಂಬ ಭಾವನೆ ಇಷ್ಟು ಗಾಢವಾಗಿ ಬೇರೂರಿರದಿದ್ದರೆ ಈ ಗುಡ್ಡವೂ ಎಂದೋ ಜಲ್ಲಿಯಾಗಿ ರಸ್ತೆಗೆ ಬೀಳುತ್ತಿತ್ತೆಂಬುದರಲ್ಲಿ ನನಗೆ ಸಂದೇಹವಿಲ್ಲ.

ಊರು ಇತ್ತ ಕಡೆಗೆ ನಡೆದುಬಂದುದು ಸಂಕಟದ ಕಾಲದಲ್ಲಿ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಆಡಳಿತದಲ್ಲಿ, 1898ನೆಯ ಆಗಸ್ಟಿನಲ್ಲಿ, ಬೆಂಗಳೂರಿಗೆ ಪ್ಲೇಗು ಬಂದಿತು. ಗೋಡೆಗೆ ಗೋಡೆ ತಾಗಿದ ಮನೆಗಳು, ಬೆಳಕು ಕಾಣದ ಒಳಕೋಣೆಗಳು, ಧಾನ್ಯದ ಮಂಡಿಗಳು, ಅವುಗಳನ್ನು ಆಶ್ರಯಿಸಿದ ಇಲಿಗಳು, ಇವೆಲ್ಲ ಕೂಡಿ ಪೇಟೆಯನ್ನು ಆ ರೋಗದ ಬೀಡನ್ನಾಗಿ ಮಾಡಿದ್ದುವು. ಬದುಕುಳಿದವರು ಮನೆಗಳಿಗೆ ಬೀಗ ಹಾಕಿ ಊರಾಚೆಯ ಬಯಲಿನಲ್ಲಿ ಗುಡಿಸಲು ಕಟ್ಟಿಕೊಂಡರು. ಉತ್ತರದಲ್ಲಿ ಮಲ್ಲೇಶ್ವರವೂ ದಕ್ಷಿಣದಲ್ಲಿ ಬಸವನಗುಡಿಯೂ ಬಡಾವಣೆಗಳಾಗಿ ಬೆಳೆದುದು ಈ ಭಯದ ಬೆನ್ನಿಗೆ. ಅಗಲವಾದ ನೇರ ಬೀದಿ, ಮನೆಯ ಸುತ್ತಲೂ ಅಂಗಳ, ಹಿಂದೆ ಕಸ ಸಾಗಿಸುವುದಕ್ಕೆಂದು ಹಾಯುವ ಕನ್ಸರ್ವೆನ್ಸಿ ಗಲ್ಲಿ, ನಡುನಡುವೆ ಕಟ್ಟಡವಿಲ್ಲದ ಬಯಲು: ಇವುಗಳನ್ನು ಅಂದಿನವರು ಅಲಂಕಾರವೆಂದು ಎಣಿಸಿರಲಿಲ್ಲ. ಗಾಳಿಯಾಡುವ ನೆಲ ಅವರಿಗೆ ಔಷಧವಾಗಿದ್ದಿತು. ತಮ್ಮವರನ್ನು ಕಳೆದುಕೊಂಡು ಬಂದ ಜನ ಆ ಔಷಧದ ಬೆಲೆಯನ್ನು ಚೆನ್ನಾಗಿ ಬಲ್ಲವರಾಗಿದ್ದರು.

ಹೀಗೆ ಬಂದವರಿಗೆ ನೆರೆಯಲ್ಲಿಯೇ ಒಂದು ಮಹೋದ್ಯಾನ ಸಿದ್ಧವಾಗಿ ದೊರೆಯಿತು. 1760ರ ವೇಳೆಗೆ ಹೈದರಾಲಿ ಆರಂಭಿಸಿ, ಟಿಪ್ಪು ದೂರದೇಶಗಳಿಂದ ಸಸಿಗಳನ್ನು ತರಿಸಿ ಬೆಳೆಸಿದ ಲಾಲ್‌ಬಾಗು, 1856ರಲ್ಲಿ ಸರ್ಕಾರದ ಸಸ್ಯೋದ್ಯಾನವಾಯಿತು. 1874ರಲ್ಲಿ ತೋಟದ ಮೇಲ್ವಿಚಾರಕರಾಗಿ ಬಂದ ಜಾನ್ ಕ್ಯಾಮರಾನ್ ಅವರ ಕಾಲದಲ್ಲಿ ಗಾಜಿನ ಮನೆಗೆ ಅಡಿಗಲ್ಲು ಬಿದ್ದಿತು. ಅದು 1889ನೆಯ ನವೆಂಬರ್ 30. ನಮ್ಮ ಅಡುಗೆಮನೆಯ ಸೀಮೆಬದನೆಯನ್ನು ಈ ಊರಿಗೆ ಪರಿಚಯಿಸಿದವರೂ ಅವರೇ. 1908ರಲ್ಲಿ ಅಧಿಕಾರ ವಹಿಸಿದ ಜರ್ಮನಿಯ ಕ್ರುಂಬಿಗಲ್ ಅವರು, ಒಂದು ಜಾತಿಯ ಹೂವು ಮುಗಿಯುವಷ್ಟರಲ್ಲಿ ಇನ್ನೊಂದು ಅರಳುವಂತೆ, ವರ್ಷದ ಯಾವ ತಿಂಗಳಲ್ಲಿಯೂ ನಗರದ ಬೀದಿ ಹೂವಿಲ್ಲದೆ ಇರಬಾರದೆಂಬ ಸಂಕಲ್ಪದಿಂದ, ಸಾಲುಮರಗಳನ್ನು ಆರಿಸಿ ನೆಡಿಸಿದರು. ಹೊರನಾಡಿನಿಂದ ಬಂದ ಆ ಮನುಷ್ಯ 1956ರಲ್ಲಿ ಇದೇ ಊರಿನ ಮಣ್ಣಿಗೆ ಸೇರಿದರು. ನಂತರದ ಕಾಲದಲ್ಲಿ ಎಚ್. ಸಿ. ಜವರಾಯರೂ ಎಂ. ಎಚ್. ಮರಿಗೌಡರೂ ತೋಟವನ್ನು ಬೆಳೆಸಿದರು; ಇಂದು ಅದರ ವಿಸ್ತಾರ 240 ಎಕರೆ.

ಬಡಾವಣೆಯೊಳಗಿನ ಉದ್ಯಾನಗಳಲ್ಲಿ ಕೃಷ್ಣರಾವ್ ಪಾರ್ಕ್ ಹೆಚ್ಚು ಪ್ರಸಿದ್ಧವಾದುದು. 1941ರಲ್ಲಿ ಕೆಲಕಾಲ ದಿವಾನರಾಗಿದ್ದ ಸರ್ ಎಂ. ಎನ್. ಕೃಷ್ಣರಾಯರ ಹೆಸರನ್ನು ಅದು ಹೊತ್ತಿದೆ. ಅಲ್ಲಿನದು ಮನುಷ್ಯ ಕ್ರಮಪಡಿಸಿದ ಸೌಂದರ್ಯ: ಪಾತಿ, ಕಾಲುದಾರಿ, ಬೆಂಚು, ಪರಿಚಿತರ ಮಾತುಕತೆ. ಕಹಳೆ ಬಂಡೆಯ ಚೆಲುವು ಬೇರೆ ತರಹದ್ದು. ಅಲ್ಲಿ ಹಗಲೆಲ್ಲ ಎತ್ತರದ ಕೊಂಬೆಗಳಲ್ಲಿ ತಲೆಕೆಳಗಾಗಿ ತೂಗುವ ಹಣ್ಣುಬಾವಲಿಗಳು ಕತ್ತಲಾಗುತ್ತಿದ್ದಂತೆ ಒಂದೊಂದಾಗಿ ರೆಕ್ಕೆ ಬಿಚ್ಚಿ ಆಹಾರ ಅರಸಿಕೊಂಡು ಹೋಗುತ್ತವೆ. ಹಣ್ಣು ತಿಂದು ದೂರದೂರಕ್ಕೆ ಬೀಜ ಚೆಲ್ಲುವ ಈ ಜೀವಿಗಳನ್ನು ಅಪಶಕುನವೆಂದು ಓಡಿಸಬೇಕೆನ್ನುವುದು ಅವಿವೇಕ. ಕಹಳೆ ಬಂಡೆಯ ಈ ಉದ್ಯಾನದಲ್ಲಿಯೇ ಡಿ.ವಿ.ಜಿ. ಅವರ ಪ್ರತಿಮೆ ಇದೆ. 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿ, ಸಾರ್ವಜನಿಕ ಸ್ವತ್ತಿನ ವಿಷಯದಲ್ಲಿ ಪೌರನಿಗಿರುವ ಕರ್ತವ್ಯವನ್ನು ಬಾಳೆಲ್ಲ ಬೋಧಿಸಿದ ಹಿರಿಯರಿಗೆ ಇದಕ್ಕಿಂತ ಉಚಿತವಾದ ಸ್ಥಳ ದೊರೆಯದು.

ಶಿಲೆ ತನ್ನ ಕಾಠಿನ್ಯದಿಂದ ಉಳಿಯಿತು; ಮೆದುವಾದ ನೀರು ಉಳಿಯಲಿಲ್ಲ. ಬಸವನ ಪಾದದಡಿಯಲ್ಲಿ ಹುಟ್ಟುವಳೆಂದು ಜನ ನಂಬಿದ ವೃಷಭಾವತಿ ನದಿ ಇಂದು ನಗರದ ಕೊಳಚೆಯನ್ನು ಹೊತ್ತು ಹರಿಯುವ ಕಾಲುವೆಯಾಗಿದೆ. ಉದ್ಯಾನಗಳ ರಕ್ಷಣೆಗೆ 1975ರಲ್ಲಿ ಒಂದು ಶಾಸನವೂ, ಬಡಾವಣೆಗಳ ಪಾರ್ಕು, ಆಟದ ಮೈದಾನ ಮತ್ತು ತೆರೆದ ಜಾಗಗಳ ರಕ್ಷಣೆಗೆ 1985ರಲ್ಲಿ ಇನ್ನೊಂದೂ ಆದುವು. ಅವು ಅವಶ್ಯಕವಾದುವು. ಆದರೆ ಶಾಸನ ಬಯಲನ್ನು ಮಾರಾಟದಿಂದ ತಪ್ಪಿಸಬಲ್ಲುದೇ ಹೊರತು ಅಭಿಮಾನದ ಹೆಸರಿನಲ್ಲಿ ನಡೆಯುವ ಅತಿಶೃಂಗಾರದಿಂದ ತಪ್ಪಿಸಲಾರದು. ಬಂಡೆಯ ಮೇಲೆ ಸಿಮೆಂಟು ಬಳಿಯುವುದು, ಬಣ್ಣದ ದೀಪ ಹಾಯಿಸುವುದು, ಬಾವಲಿ ಮಲಗುವ ಮರದಡಿಯಲ್ಲಿ ಧ್ವನಿವರ್ಧಕ ನಿಲ್ಲಿಸುವುದು, ಇವುಗಳನ್ನು ಉದ್ಯಾನದ ಅಭಿವೃದ್ಧಿಯೆಂದು ಕರೆಯುವುದನ್ನು ನಾವು ನಿಲ್ಲಿಸಬೇಕು. ಲಾಲ್‌ಬಾಗಿನ ಬಂಡೆಯನ್ನೂ ಕಹಳೆ ಬಂಡೆಯನ್ನೂ ಬಂಡೆಗಳಾಗಿಯೇ ಬಿಡಬೇಕೆಂದು ವಾರ್ಡಿನ ಸಭೆಯಲ್ಲಿ ಎದ್ದು ನಿಂತು ಕೇಳುವವರು ಬೇಕಾಗಿದ್ದಾರೆ. ಬಸವನಗುಡಿಯ ಓದುಗರು ಆ ಕೆಲಸಕ್ಕೆ ಮುಂದಾಗಬೇಕೆಂದು ಪ್ರಾರ್ಥಿಸುತ್ತೇನೆ.