ಸ್ಥಿರಕೋನ ಚಾಕು ಮಸೆ ಸಾಧನ

ಸ್ಥಿರಕೋನ ಚಾಕು ಮಸೆ ಸಾಧನ ಎಂದರೆ ಚಾಕುವಿನ ಅಲಗನ್ನು ಅಲುಗಾಡದಂತೆ ಹಿಡಿದು, ಮಸೆಗಲ್ಲು ಪ್ರತಿ ಸಲವೂ ಒಂದೇ ಕೋನದಲ್ಲಿ ಅದರ ಬಾಯಿಯ ಮೇಲೆ ಹಾಯುವಂತೆ ಮಾಡುವ ಕೈಸಾಧನ. ಮಾರುಕಟ್ಟೆಯಲ್ಲಿ ಇದು ‘ಗೈಡೆಡ್ ಶಾರ್ಪನರ್’ ಅಥವಾ ‘ಫಿಕ್ಸೆಡ್ ಆಂಗಲ್ ಶಾರ್ಪನರ್’ ಎಂಬ ಹೆಸರಿನಲ್ಲಿ ದೊರೆಯುತ್ತದೆ. ಬರಿಗೈಯಲ್ಲಿ ಕಲ್ಲಿನ ಮೇಲೆ ಮಸೆಯುವವರಿಗೆ ದೀರ್ಘ ಅಭ್ಯಾಸದಿಂದ ಒದಗುವ ಕೋನದ ಹಿಡಿತವನ್ನು ಈ ಸಾಧನವು ಯಾಂತ್ರಿಕವಾಗಿ ಒದಗಿಸುತ್ತದೆ. ಆದರೆ ಅದು ಒದಗಿಸುವುದು ಅಷ್ಟನ್ನು ಮಾತ್ರ. ಅಲಗು ಹರಿತವಾಯಿತೇ ಇಲ್ಲವೇ ಎಂಬುದನ್ನು ಮಸೆಯುವವರೇ ಬೆರಳಿನಿಂದಲೂ ಕಣ್ಣಿನಿಂದಲೂ ಅರಿಯಬೇಕಾಗುತ್ತದೆ.

ಮೊಂಡಾದ ಚಾಕು ಹರಿತವಾದ ಚಾಕುವಿಗಿಂತ ಹೆಚ್ಚು ಅಪಾಯಕಾರಿ. ಅದನ್ನು ಒತ್ತಲು ಹೆಚ್ಚು ಬಲ ಬೇಕು, ಒತ್ತಿದಾಗ ಅದು ತರಕಾರಿಯ ಸಿಪ್ಪೆಯ ಮೇಲೆ ಜಾರಿ ಬೆರಳಿಗೆ ತಾಗುತ್ತದೆ. ಟೊಮೇಟೊ ಹಣ್ಣು ಜಜ್ಜಿಹೋಗುವುದು, ಹೆಚ್ಚಿದ ಕೊತ್ತಂಬರಿ ಸೊಪ್ಪು ಬೇಗನೆ ಕಪ್ಪಾಗುವುದು ಇವೆಲ್ಲ ಅಲಗು ಕತ್ತರಿಸುವ ಬದಲು ಹಿಸುಕುತ್ತಿರುವುದರ ಲಕ್ಷಣಗಳು.

ಹಿನ್ನೆಲೆ

ಕರ್ನಾಟಕದ ಮನೆಗಳಲ್ಲಿ ಅಲಗು ಹರಿತಗೊಳಿಸುವ ಕ್ರಮಗಳು ಹಲವು. ಹಿತ್ತಲಿನ ಚಪ್ಪಡಿಕಲ್ಲಿಗೆ ನೀರು ಚಿಮುಕಿಸಿ ಕುಡುಗೋಲು ಮಸೆಯುವುದು ಬಯಲುಸೀಮೆಯಲ್ಲಿ ರೂಢಿ. ಕರಾವಳಿ ಮತ್ತು ಮಲೆನಾಡಿನಲ್ಲಿ ಮರದ ಹಲಗೆಯ ಮೇಲೆ ಬೆಣಚುಕಲ್ಲಿನ ಪುಡಿ ಉದುರಿಸಿ ಕತ್ತಿ ಮಸೆಯುವ ಪದ್ಧತಿಯೂ ಉಂಟು. ನಗರಗಳಲ್ಲಿ ಈ ಕೆಲಸ ಬಹುಕಾಲ ಬೀದಿಬೀದಿ ಸುತ್ತಿ ಸಾಣೆ ಹಿಡಿಯುವವರದಾಗಿತ್ತು. ಸೈಕಲ್ಲಿನ ಪೆಡಲಿನಿಂದ ಚಕ್ರ ತಿರುಗಿಸಿ ಕಿಡಿ ಹಾರಿಸುತ್ತ ಚಾಕು, ಕತ್ತರಿ, ಈಳಿಗೆಮಣೆಗಳಿಗೆ ಸಾಣೆ ಕೊಡುವವರು ಬೆಂಗಳೂರಿನ ಬಡಾವಣೆಗಳಲ್ಲಿ ಪರಿಚಿತರು. (ಗಂಧ ತೇಯುವ ಕಲ್ಲಿಗೂ ಕನ್ನಡದಲ್ಲಿ ಸಾಣೆಕಲ್ಲು ಎಂದೇ ಹೆಸರಿರುವುದರಿಂದ, ಲೋಹಕ್ಕೆ ಬಳಸುವ ಕಲ್ಲನ್ನು ಈ ಲೇಖನದಲ್ಲಿ ಮಸೆಗಲ್ಲು ಎಂದು ಕರೆಯಲಾಗಿದೆ.)

ತಿರುಗುವ ಚಕ್ರದ ಸಾಣೆ ವೇಗವಾಗಿ ಮುಗಿಯುತ್ತದೆ, ಆದರೆ ಅದಕ್ಕೊಂದು ಬೆಲೆಯಿದೆ. ಅಡುಗೆ ಚಾಕುವಿನ ಉಕ್ಕಿಗೆ ತಯಾರಿಕೆಯ ಕಾಲದಲ್ಲಿ ಸಾಮಾನ್ಯವಾಗಿ 150ರಿಂದ 200 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಹದ ನೀಡಲಾಗಿರುತ್ತದೆ. ಒಣ ಚಕ್ರದ ಘರ್ಷಣೆಯಿಂದ ತೆಳುವಾದ ಬಾಯಿಯು ಅದಕ್ಕಿಂತ ಬಹಳ ಹೆಚ್ಚು ಕಾಯಬಲ್ಲದು. ಅಂಚು ನೀಲಿಬಣ್ಣಕ್ಕೆ ತಿರುಗಿದರೆ ಅಲ್ಲಿ ಹದ ಕೆಟ್ಟಿದೆಯೆಂದೇ ಅರ್ಥ. ಆ ಭಾಗ ಎಷ್ಟು ಮಸೆದರೂ ಬೇಗ ಮೊಂಡಾಗುತ್ತದೆ. ಕೈಯಿಂದ ನಡೆಯುವ ಮಸೆಗಲ್ಲಿನಲ್ಲಿ ಈ ಅಪಾಯವಿಲ್ಲ. ಕಲ್ಲಿನಿಂದ ಸವೆಯುವ ಉಕ್ಕಿನ ಪ್ರಮಾಣವೂ ಕಡಿಮೆ.

ಅಲಗನ್ನು ಕ್ಲಾಂಪಿನಲ್ಲಿ ಹಿಡಿದು ಸರಳಿಗೆ ಜೋಡಿಸಿದ ಕಲ್ಲಿನಿಂದ ಮಸೆಯುವ ಕಲ್ಪನೆಯನ್ನು ಜನಪ್ರಿಯಗೊಳಿಸಿದ ಸಂಸ್ಥೆಗಳಲ್ಲಿ 1979ರಲ್ಲಿ ಅಮೆರಿಕದ ಬಫಲೋ ನಗರದಲ್ಲಿ ಆರಂಭವಾದ ಲ್ಯಾನ್‌ಸ್ಕಿ ಮುಖ್ಯವಾದುದು. ಇದರ ಸಾಮಾನ್ಯ ಮಾದರಿಯಲ್ಲಿ 17, 20, 25 ಮತ್ತು 30 ಡಿಗ್ರಿಗಳಿಗೆ ಬೇರೆ ಬೇರೆ ರಂಧ್ರಗಳಿರುತ್ತವೆ. ಆರೆಗಾನ್ ರಾಜ್ಯದ ಬೆನ್ ಡೇಲ್ ರೂಪಿಸಿದ ಎಡ್ಜ್ ಪ್ರೊ ಸಾಧನದಲ್ಲಿ ಕ್ಲಾಂಪಿನ ಬದಲು ಅಲಗನ್ನು ಒರಗಿಸುವ ಹಲಗೆಯೂ ಮೇಲೆ ಕೆಳಗೆ ಸರಿಸಬಹುದಾದ ತಿರುಗುಣಿಯೂ ಇವೆ. ಇಂದು ಭಾರತದಲ್ಲಿ ಕಡಿಮೆ ಬೆಲೆಗೆ ಸಿಗುವ ಚೀನಾ ನಿರ್ಮಿತ ಸಾಧನಗಳಲ್ಲಿ ಬಹುಪಾಲು ಈ ಎರಡನೆಯ ವಿನ್ಯಾಸವನ್ನೇ ಅನುಸರಿಸುತ್ತವೆ. ಮನೆಯಲ್ಲಿ ಮಾರ್ಪಾಡಿಗೆ ಒಳಗಾಗುವುದೂ ಹೆಚ್ಚಾಗಿ ಇವೇ.

ಕೋನದ ಲೆಕ್ಕ

ಸಾಧನದ ಕಂಬದ ಮೇಲೆ ತಿರುಗುಣಿ ಇರುತ್ತದೆ, ಅದರ ಮೂಲಕ ಸರಳು ಹಾಯುತ್ತದೆ, ಸರಳಿಗೆ ಕಲ್ಲು ಬಿಗಿದಿರುತ್ತದೆ. ಅಲಗಿನ ಮಟ್ಟದಿಂದ ತಿರುಗುಣಿಯ ಎತ್ತರವನ್ನು, ತಿರುಗುಣಿಯ ನೇರ ಕೆಳಗಿನ ಬಿಂದುವಿನಿಂದ ಅಲಗಿನ ಬಾಯಿಗಿರುವ ಲಂಬ ದೂರದಿಂದ ಭಾಗಿಸಿದರೆ ಮಸೆಯುವ ಕೋನದ ಟ್ಯಾಂಜೆಂಟ್ ದೊರೆಯುತ್ತದೆ. ಉದಾಹರಣೆಗೆ ದೂರ 150 ಮಿ.ಮೀ. ಇದ್ದಾಗ, 15 ಡಿಗ್ರಿಗೆ ತಿರುಗುಣಿ ಸುಮಾರು 40 ಮಿ.ಮೀ. ಎತ್ತರದಲ್ಲಿಯೂ 20 ಡಿಗ್ರಿಗೆ ಸುಮಾರು 54.6 ಮಿ.ಮೀ. ಎತ್ತರದಲ್ಲಿಯೂ ಇರಬೇಕು. ಸಾಧನದ ಮೇಲೆ ಮುದ್ರಿಸಿದ ಡಿಗ್ರಿಗಳು ತಯಾರಕರು ಊಹಿಸಿದ ಒಂದು ದೂರಕ್ಕೆ ಮಾತ್ರ ನಿಜ. ಅಗಲವಾದ ಚಾಕು ಹೆಚ್ಚು ಮುಂದಕ್ಕೆ ಚಾಚುವುದರಿಂದ ಅದರ ನಿಜವಾದ ಕೋನ ಮುದ್ರಿತ ಸಂಖ್ಯೆಗಿಂತ ಕಡಿಮೆಯಾಗುತ್ತದೆ.

ಕಲ್ಲು ಅಲಗಿನ ಉದ್ದಕ್ಕೂ ಸಾಗುವಾಗ ತಿರುಗುಣಿಯಿಂದ ದೂರ ಹೋಗುತ್ತದೆ, ಆದ್ದರಿಂದ ಕೋನವೂ ಬದಲಾಗುತ್ತದೆ ಎಂಬ ತಿಳಿವಳಿಕೆ ವ್ಯಾಪಕವಾಗಿದೆ. ನೇರವಾದ ಬಾಯಿಯ ಮಟ್ಟಿಗೆ ಇದು ತಪ್ಪು. ಒಂದು ನೇರ ಗೆರೆ ಮತ್ತು ಅದರ ಹೊರಗಿನ ಒಂದು ಬಿಂದು ಒಂದೇ ಒಂದು ಸಮತಲವನ್ನು ನಿರ್ಧರಿಸುತ್ತವೆ. ಕಲ್ಲು ಸರಳಿನ ಸುತ್ತ ಹೊರಳಲು ಬಿಡುವಿದ್ದರೆ ಅದು ಆ ಸಮತಲದಲ್ಲಿಯೇ ಉಳಿದು, ಕೋನ ಬದಲಾಗುವುದಿಲ್ಲ. ವ್ಯತ್ಯಾಸ ತೋರುವುದು ಬಾಯಿಯು ಬಾಗಿ ಮೊನೆಯ ಕಡೆಗೆ ಏರುವ ಭಾಗದಲ್ಲಿ. ಅಲ್ಲಿ ಲೆಕ್ಕಕ್ಕೆ ಬರುವುದು ಬಾಗಿನ ಸ್ಪರ್ಶರೇಖೆಗಿರುವ ಲಂಬ ದೂರ. ಮೇಲಿನ ಉದಾಹರಣೆಯಲ್ಲಿ ಆ ದೂರ 150ರಿಂದ 170 ಮಿ.ಮೀ.ಗೆ ಹೆಚ್ಚಿದರೆ ಕೋನ 20ರಿಂದ ಸುಮಾರು 17.8 ಡಿಗ್ರಿಗೆ ಇಳಿಯುತ್ತದೆ, 130 ಮಿ.ಮೀ.ಗೆ ಕುಗ್ಗಿದರೆ ಸುಮಾರು 22.8ಕ್ಕೆ ಏರುತ್ತದೆ. ಆದ್ದರಿಂದ ಬಾಗಿದ ಭಾಗವು ತಿರುಗುಣಿಯನ್ನು ಕೇಂದ್ರವಾಗುಳ್ಳ ವೃತ್ತದ ಕಂಸಕ್ಕೆ ಸಾಧ್ಯವಾದಷ್ಟು ಹೊಂದುವಂತೆ ಚಾಕುವನ್ನು ಪಕ್ಕಕ್ಕೆ ಸರಿಸಿ ಬಿಗಿಯುವುದು ಸೂಕ್ತ. ಕಾಗದದ ಮೇಲೆ ಚಾಕುವಿನ ಆಕಾರ ಬರೆದು ಕೈವಾರದಿಂದ ಕಂಸ ಎಳೆದು ನೋಡಿದರೆ ಆ ಸ್ಥಾನ ಸುಲಭವಾಗಿ ಗೊತ್ತಾಗುತ್ತದೆ.

ಯಾವ ಚಾಕುವಿಗೆ ಎಷ್ಟು ಕೋನ ಎಂಬುದು ಉಕ್ಕಿನ ಗಡಸುತನವನ್ನೂ ಕೆಲಸವನ್ನೂ ಅವಲಂಬಿಸಿದೆ. ಗಡಸಾದ ಜಪಾನಿ ಚಾಕುಗಳಿಗೆ ಪ್ರತಿ ಬದಿಗೆ 15 ಡಿಗ್ರಿ ಅಥವಾ ಅದಕ್ಕೂ ಕಡಿಮೆ ಸಾಕು. ಸಾಮಾನ್ಯ ಸ್ಟೇನ್‌ಲೆಸ್ ಉಕ್ಕಿನ ಅಡುಗೆ ಚಾಕುಗಳು ಮೃದುವಾದ್ದರಿಂದ 18ರಿಂದ 20 ಡಿಗ್ರಿ ಬೇಕು; ಅದಕ್ಕಿಂತ ತೆಳುವಾದರೆ ಬಾಯಿ ಬೇಗನೆ ಮಡಿಚಿಕೊಳ್ಳುತ್ತದೆ. ತೆಂಗಿನಕಾಯಿ, ಮೂಳೆ ಮುಂತಾದವುಗಳಿಗೆ ಬಳಸುವ ಮಚ್ಚಿಗೆ 25ರಿಂದ 30 ಡಿಗ್ರಿ ತಕ್ಕುದು.

ಬಳಸುವ ವಿಧಾನ

ಮಸೆಯುವ ಮೊದಲು ಬಾಯಿಯ ಎರಡೂ ಬದಿಗೆ ಮಾರ್ಕರ್ ಪೆನ್ನಿನಿಂದ ಶಾಯಿ ಬಳಿಯಲಾಗುತ್ತದೆ. ಕಲ್ಲನ್ನು ಹಗುರವಾಗಿ ಎರಡು ಮೂರು ಸಲ ಆಡಿಸಿದಾಗ ಶಾಯಿ ಎಲ್ಲಿ ಅಳಿಸಿತು ಎಂಬುದರಿಂದ ಕೋನ ತಿಳಿಯುತ್ತದೆ. ಬೆನ್ನಿನ ಕಡೆ ಮಾತ್ರ ಅಳಿಸಿದರೆ ಕೋನ ಕಡಿಮೆ, ಅಂಚಿನ ತುದಿಯಲ್ಲಿ ಮಾತ್ರ ಅಳಿಸಿದರೆ ಕೋನ ಹೆಚ್ಚು. ಹಳೆಯ ಕೋನವನ್ನೇ ಮುಂದುವರಿಸುವುದಾದರೆ ಇಡೀ ಓರೆಯ ಶಾಯಿ ಏಕವಾಗಿ ಹೋಗುವವರೆಗೂ ತಿರುಗುಣಿಯನ್ನು ಹೊಂದಿಸಬೇಕು.

ಕೆಲಸದ ತಿರುಳು ಇರುವುದು ಮೊದಲ ಒರಟು ಕಲ್ಲಿನಲ್ಲಿ. ಒಂದು ಬದಿಯನ್ನು ಮಸೆಯುತ್ತ ಹೋದಂತೆ ಉಕ್ಕಿನ ಅತಿ ತೆಳುವಾದ ಪದರವೊಂದು ಎದುರು ಬದಿಗೆ ಮಡಿಚಿಕೊಳ್ಳುತ್ತದೆ. ಇದನ್ನು ಕಾರ್ಖಾನೆಯ ಭಾಷೆಯಲ್ಲಿ ‘ಬರ್’ ಎನ್ನುತ್ತಾರೆ. ಬೆರಳನ್ನು ಬೆನ್ನಿನ ಕಡೆಯಿಂದ ಅಂಚಿನ ಹೊರಕ್ಕೆ ಮೆಲ್ಲನೆ ಸವರಿದರೆ ಅದು ತೊಡಕಿದಂತೆ ತಾಗುತ್ತದೆ. ಹಿಡಿಯಿಂದ ಮೊನೆಯವರೆಗೂ ಬರ್ ಮೂಡುವ ಮೊದಲೇ ಮುಂದಿನ ಕಲ್ಲಿಗೆ ಹೋದರೆ ಆ ಜಾಗದಲ್ಲಿ ಎರಡು ಓರೆಗಳು ಇನ್ನೂ ಕೂಡಿಲ್ಲವೆಂದೇ ಅರ್ಥ. ಆಮೇಲೆ ಎಷ್ಟೇ ನಯವಾದ ಕಲ್ಲು ಬಳಸಿದರೂ ಓರೆ ಹೊಳೆಯುತ್ತದೆಯೇ ಹೊರತು ಚಾಕು ಕತ್ತರಿಸುವುದಿಲ್ಲ. ದುಬಾರಿ ಸಾಧನ ಕೊಂಡೂ ಚಾಕು ಹರಿತವಾಗಲಿಲ್ಲ ಎಂಬ ದೂರುಗಳ ಹಿಂದೆ ಹೆಚ್ಚಾಗಿ ಇರುವುದು ಈ ಅವಸರವೇ.

ಬರ್ ಪೂರ್ಣವಾಗಿ ಮೂಡಿದ ಮೇಲೆ ಚಾಕುವನ್ನು ಮಗುಚಿ ಎದುರು ಬದಿಯಲ್ಲಿಯೂ ಅದನ್ನೇ ಮಾಡಲಾಗುತ್ತದೆ. ಅನಂತರದ ಕಲ್ಲುಗಳ ಕೆಲಸ ಹಿಂದಿನ ಕಲ್ಲಿನ ಗೀರುಗಳನ್ನು ಸಣ್ಣದಾಗಿಸುವುದು ಮಾತ್ರ. ಕೊನೆಯಲ್ಲಿ ಒತ್ತಡವನ್ನು ಕಲ್ಲಿನ ಸ್ವಂತ ತೂಕದಷ್ಟಕ್ಕೆ ಇಳಿಸಿ, ಬದಿ ಬದಲಿಸುತ್ತ ಒಂದೊಂದೇ ಎಳೆತ ಎಳೆದರೆ ಬರ್ ತೆಳುವಾಗಿ ಕಳಚುತ್ತದೆ. ಹಿಂದೆ ಕ್ಷೌರಿಕರು ಕತ್ತಿ ತೀಡುತ್ತಿದ್ದಂತೆ ಚರ್ಮದ ಪಟ್ಟಿಯ ಮೇಲೆ ಹಿಮ್ಮುಖವಾಗಿ ಎಳೆಯುವುದರಿಂದ ಉಳಿದ ಚೂರೂ ಹೋಗುತ್ತದೆ. ಅಡುಗೆಮನೆಯ ಕೆಲಸಕ್ಕೆ 600ರಿಂದ 1000 ಗ್ರಿಟ್‌ವರೆಗಿನ ಕಲ್ಲು ಸಾಕು. ಕನ್ನಡಿಯಂತೆ ಹೊಳೆಯುವ ಬಾಯಿ ನೋಡಲು ಚೆನ್ನ. ಟೊಮೇಟೊ ಸಿಪ್ಪೆಗೆ ಸ್ವಲ್ಪ ಒರಟು ಉಳಿದ ಬಾಯಿಯೇ ಚೆನ್ನಾಗಿ ಕಚ್ಚುತ್ತದೆ.

ಮಾರ್ಪಾಡುಗಳು

ಕಡಿಮೆ ಬೆಲೆಯ ಸಾಧನಗಳ ದೋಷಗಳು ಸಾಮಾನ್ಯವಾಗಿ ಮೂರು ಕಡೆ ಇರುತ್ತವೆ: ತಿರುಗುಣಿಯ ಸಡಿಲ, ಕಲ್ಲುಗಳ ದಪ್ಪದ ವ್ಯತ್ಯಾಸ ಮತ್ತು ಅಡಿಪಾಯದ ಅಲುಗಾಟ. 150 ಮಿ.ಮೀ. ದೂರದಲ್ಲಿ ತಿರುಗುಣಿ 1 ಮಿ.ಮೀ. ಆಡಿದರೂ ಕೋನ ಸುಮಾರು 0.4 ಡಿಗ್ರಿ ಬದಲಾಗುತ್ತದೆ. ಸರಳಿಗೂ ರಂಧ್ರಕ್ಕೂ ನಡುವಿನ ತೆರವನ್ನು ಸರಿಯಾದ ಅಳತೆಯ ಹಿತ್ತಾಳೆ ಬುಷ್ ಹಾಕಿ ತುಂಬುವುದು, ಬಾಗಿದ ಸರಳಿನ ಬದಲು ನೇರವಾದ ಸ್ಟೇನ್‌ಲೆಸ್ ಸರಳು ಹಾಕುವುದು ಮೊದಲ ಸುಧಾರಣೆ. ಇಂತಹ ಬಿಡಿಭಾಗಗಳು ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುತ್ತವೆ. ನಗರದ ಪಶ್ಚಿಮ ಭಾಗದಲ್ಲಿ ಪೀಣ್ಯ, ಕಾಮಾಕ್ಷಿಪಾಳ್ಯ, ಕೆಂಗೇರಿ ಉಪನಗರದಿಂದ ಮೈಸೂರು ರಸ್ತೆಯಲ್ಲಿ ಮುಂದಿರುವ ಕುಂಬಳಗೋಡು ಮೊದಲಾದೆಡೆ ಕೈಗಾರಿಕೆಗಳು ನೆಲೆಸಿರುವುದರಿಂದ ಸಣ್ಣ ಬುಷ್ ಒಂದನ್ನು ಲೇತಿನಲ್ಲಿ ಕಡೆಸಿಕೊಳ್ಳುವುದು ಅಲ್ಲಿನ ನಿವಾಸಿಗಳಿಗೆ ಕಷ್ಟವಲ್ಲ.

ಕಲ್ಲಿನ ದಪ್ಪದ ವಿಷಯ ಇನ್ನೂ ಸೂಕ್ಷ್ಮವಾದುದು. ಹೊಸ ಕಲ್ಲು ಹಿಂದಿನದಕ್ಕಿಂತ 2 ಮಿ.ಮೀ. ದಪ್ಪವಾಗಿದ್ದರೆ ಸರಳು ಅಷ್ಟೇ ಮೇಲೇರಿ, ಕೋನ ಮುಕ್ಕಾಲು ಡಿಗ್ರಿಯಷ್ಟು ಕಡಿಮೆಯಾಗುತ್ತದೆ. ಆಗ ನಯವಾದ ಕಲ್ಲು ಅಂಚನ್ನು ಮುಟ್ಟದೆ ಓರೆಯ ಹಿಂಭಾಗವನ್ನು ಮಾತ್ರ ಉಜ್ಜುತ್ತದೆ. ಸವೆದು ತೆಳುವಾದ ಕಲ್ಲಿನಲ್ಲಿ ಇದರ ವಿರುದ್ಧ ಪರಿಣಾಮ. ಪರಿಹಾರ ಸರಳ: ಕಂಬದ ಮೇಲೆ ತಿರುಗುಣಿಯ ಕೆಳಗೆ, ಡ್ರಿಲ್ ಬಿಟ್‌ಗೆ ಹಾಕುವ ಸ್ಟಾಪ್ ಕಾಲರ್ ಒಂದನ್ನು ಕೂರಿಸಿ, ಮೊದಲ ಕಲ್ಲಿಗೂ ಮುಂದಿನ ಕಲ್ಲಿಗೂ ಇರುವ ದಪ್ಪದ ವ್ಯತ್ಯಾಸದಷ್ಟು ತಿರುಗುಣಿಯನ್ನು ಏರಿಸುವುದು ಅಥವಾ ಇಳಿಸುವುದು. ಕಲ್ಲಿನ ಮೇಲೆ ಡಿಜಿಟಲ್ ಕೋನಮಾಪಕ ಅಂಟಿಸಿ ಪ್ರತಿ ಬದಲಾವಣೆಯ ನಂತರ ಓದಿಕೊಳ್ಳುವುದೂ ರೂಢಿಯಲ್ಲಿದೆ. ಮಾಪಕವನ್ನು ಮೊದಲು ಅಲಗಿನ ಮೇಲಿಟ್ಟು ಸೊನ್ನೆಗೆ ತರುವುದನ್ನು ಮರೆತರೆ ಅದರ ಓದಿಗೆ ಅರ್ಥವಿರುವುದಿಲ್ಲ.

ಅಲುಗಾಟಕ್ಕೆ ಭಾರವೇ ಮದ್ದು. ನುಣುಪಾದ ಗ್ರಾನೈಟ್ ಕಟ್ಟೆಯ ಮೇಲೆ ರಬ್ಬರಿನ ಹೀರುಬಟ್ಟಲು ಚೆನ್ನಾಗಿ ಕಚ್ಚಿಕೊಳ್ಳುತ್ತದೆ. ಮರದ ಮೇಜಿನ ಮೇಲೆ ಅದು ನಿಲ್ಲದು. ಆಗ ಕಟ್ಟಡ ಕೆಲಸದಲ್ಲಿ ಉಳಿದ ಗ್ರಾನೈಟ್ ತುಂಡಿಗೆ ಸಾಧನವನ್ನು ಬೋಲ್ಟ್ ಮಾಡಿ, ತಳಕ್ಕೆ ರಬ್ಬರ್ ಹಾಳೆ ಅಂಟಿಸಲಾಗುತ್ತದೆ. ಬೆನ್ನಿನಿಂದ ಬಾಯಿಯವರೆಗೆ ಇಳಿಜಾರಾಗಿರುವ ಅಲಗು ಕ್ಲಾಂಪಿನಲ್ಲಿ ಜಾರುವುದಾದರೆ ದವಡೆಗಳಿಗೆ ತೆಳುವಾದ ಚರ್ಮ ಅಂಟಿಸಬಹುದು. ಇದರಿಂದ ಅಲಗಿಗೆ ಗೀರು ಬೀಳುವುದೂ ತಪ್ಪುತ್ತದೆ.

ಕಲ್ಲುಗಳ ವೆಚ್ಚ ಉಳಿಸಲು 25 ಮಿ.ಮೀ. ಅಗಲ, 150 ಮಿ.ಮೀ. ಉದ್ದದ ಗಾಜು ಅಥವಾ ಅಲ್ಯೂಮಿನಿಯಂ ಪಟ್ಟಿಗೆ ಉಪ್ಪುಕಾಗದ ಅಂಟಿಸುವವರಿದ್ದಾರೆ. ಅಂಗಡಿಗಳಲ್ಲಿ ‘ವಾಟರ್ ಪೇಪರ್’ ಎಂದು ಕರೆಯುವ, ನೀರಿಗೆ ಕೆಡದ ಸಿಲಿಕಾನ್ ಕಾರ್ಬೈಡ್ ಹಾಳೆ ಇದಕ್ಕೆ ಸರಿಹೊಂದುತ್ತದೆ. ಈ ಪಟ್ಟಿಗಳಲ್ಲಿ ಕಲ್ಲನ್ನು ಬಾಯಿಗೆ ಎದುರಾಗಿ ನೂಕಬಾರದು, ಹಾಳೆ ಸೀಳಿಹೋಗುತ್ತದೆ. ಬಾಯಿಯಿಂದ ಹೊರಕ್ಕೆ ಮಾತ್ರ ಎಳೆಯಬೇಕು.

ಪ್ರತಿ ಚಾಕುವಿನ ಕೋನ, ತಿರುಗುಣಿಯ ಎತ್ತರ ಮತ್ತು ಬಿಗಿದ ಸ್ಥಾನವನ್ನು ಬರೆದಿಟ್ಟುಕೊಳ್ಳುವುದು ಯಾವ ಖರ್ಚೂ ಇಲ್ಲದ ಸುಧಾರಣೆ. ಮುಂದಿನ ಸಲ ಅದೇ ಸ್ಥಾನಕ್ಕೆ ಬಂದರೆ ನಯವಾದ ಕಲ್ಲಿನ ಕೆಲವೇ ಎಳೆತಗಳಲ್ಲಿ ಕೆಲಸ ಮುಗಿದು, ಚಾಕು ಸವೆಯುವುದು ತಗ್ಗುತ್ತದೆ.

ಮಿತಿಗಳು

ಈಳಿಗೆಮಣೆಯನ್ನು ಈ ಸಾಧನದಲ್ಲಿ ಮಸೆಯಲಾಗುವುದಿಲ್ಲ. ಅದರ ಅಲಗು ಮಣೆಗೆ ನೆಟ್ಟು ಮೇಲಕ್ಕೆ ಬಾಗಿರುವುದರಿಂದ ಬಿಗಿಯಲು ಅವಕಾಶವೇ ಇಲ್ಲ. ಕೈಯಲ್ಲಿ ಹಿಡಿಯುವ ಸಣ್ಣ ಮಸೆಗಲ್ಲೇ ಅದಕ್ಕೆ ಉಪಾಯ. ಹಲ್ಲುಗಳುಳ್ಳ ಬ್ರೆಡ್ ಚಾಕು, ಕತ್ತರಿ ಮತ್ತು ದಪ್ಪ ಬೆನ್ನಿನ ಮಚ್ಚು ಕೂಡ ಬಹುತೇಕ ಮಾದರಿಗಳಿಗೆ ಒಗ್ಗುವುದಿಲ್ಲ. ಸಾಣೆ ಹಿಡಿಯುವವರ ಅಗತ್ಯ ಈ ಕೆಲಸಗಳಿಗೆ ಹಾಗೆಯೇ ಉಳಿದಿದೆ. ಬಾಯಿ ಹಲ್ಲುಹಲ್ಲಾಗಿ ಮುರಿದ ಚಾಕುವನ್ನು ಕೈಸಾಧನದಲ್ಲಿ ಸರಿಪಡಿಸಲು ಗಂಟೆಗಟ್ಟಲೆ ಹಿಡಿಯುತ್ತದೆ.

ಸುರಕ್ಷತೆ ಮತ್ತು ನಿರ್ವಹಣೆ

ಮಸೆಯುವಾಗ ಅಲಗಿನ ಬಾಯಿ ಹೊರಮುಖವಾಗಿರುತ್ತದೆ, ಕೈ ಅದರ ಮೇಲೆಯೇ ಆಡುತ್ತಿರುತ್ತದೆ. ಕಲ್ಲು ಅಂಚು ದಾಟಿ ಜಾರಿದರೆ ಬೆರಳು ಬಾಯಿಗೆ ತಗಲುವುದರಿಂದ, ಸರಳಿನ ಹಿಡಿಗೆ ತಡೆಬಿಲ್ಲೆ ಇಲ್ಲದಿದ್ದರೆ ಹಾಕಿಕೊಳ್ಳಬೇಕು. ಎಳೆತದ ಉದ್ದವನ್ನು ಮಿತಗೊಳಿಸಲು ಸರಳಿಗೂ ಒಂದು ಸ್ಟಾಪ್ ಕಾಲರ್ ಬಿಗಿಯಬಹುದು. ಚಾಕುವನ್ನು ಬಿಡಿಸುವ ಮುನ್ನ ಬಾಯಿಗೆ ಬಟ್ಟೆ ಸುತ್ತುವುದು ಒಳ್ಳೆಯದು. ಕಲ್ಲಿನಿಂದ ಹೊರಬರುವ ಕಪ್ಪು ನೀರಿನಲ್ಲಿ ಉಕ್ಕಿನ ಮತ್ತು ಕಲ್ಲಿನ ಕಣಗಳಿರುತ್ತವೆ. ಆದ್ದರಿಂದ ಅಡುಗೆಗೆ ಮೊದಲು ಚಾಕುವನ್ನೂ ಕಟ್ಟೆಯನ್ನೂ ಸೋಪಿನಿಂದ ತೊಳೆಯಬೇಕು.

ಕಲ್ಲುಗಳು ನಡುವೆ ಹೆಚ್ಚು ಸವೆದು ತಗ್ಗು ಬೀಳುತ್ತವೆ, ತಗ್ಗಾದ ಕಲ್ಲು ಕೋನ ಕೆಡಿಸುತ್ತದೆ. ಸಮತಟ್ಟಾದ ಗಾಜಿನ ಮೇಲೆ ಒರಟು ವಾಟರ್ ಪೇಪರ್ ಹಾಸಿ, ಕಲ್ಲಿನ ಮುಖಕ್ಕೆ ಪೆನ್ಸಿಲಿನಿಂದ ಅಡ್ಡಗೆರೆಗಳನ್ನೆಳೆದು, ಗೆರೆಗಳೆಲ್ಲ ಅಳಿಸುವವರೆಗೆ ನೀರಿನೊಂದಿಗೆ ಉಜ್ಜಿದರೆ ಕಲ್ಲು ಮಟ್ಟವಾಗುತ್ತದೆ. ವಜ್ರದ ಕಣಗಳನ್ನು ಲೇಪಿಸಿದ ಪಟ್ಟಿಗಳಿಗೆ ಇದರ ಅಗತ್ಯವಿಲ್ಲ, ಮಾಡಲೂಬಾರದು. ಅವುಗಳ ಮೇಲೆ ಬಲವಾಗಿ ಒತ್ತಿದರೆ ವಜ್ರದ ಕಣಗಳು ಕಿತ್ತುಬರುತ್ತವೆ.