ತೆರಿಗೆಯ ಮುಂದೂಡಿಕೆ: ಅಮೆರಿಕದ ಸ್ಥಿರಾಸ್ತಿ ಶಾಸನದ ಒಂದು ಎಳೆ

ಆದಾಯ ತೆರಿಗೆಯ ಚರಿತ್ರೆಯನ್ನು ಓದುವಾಗ ದರಗಳ ಏರಿಳಿತ ಸುಲಭವಾಗಿ ಕಣ್ಣಿಗೆ ಬೀಳುತ್ತದೆ. ತೆರಿಗೆಯನ್ನು ಯಾವಾಗ ಸಲ್ಲಿಸಬೇಕೆಂಬ ನಿಯಮ ಅಷ್ಟಾಗಿ ಬೀಳುವುದಿಲ್ಲ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಭೂಮಿ, ಕಟ್ಟಡಗಳ ಒಡೆಯರಿಗೆ ದೊರೆತ ಸೌಲಭ್ಯಗಳಲ್ಲಿ ಈ ಎರಡನೆಯ ನಿಯಮವೇ ಮುಖ್ಯವಾದುದೆಂಬುದನ್ನು ನಾವು ಇಲ್ಲಿ ತೋರಿಸಬಯಸುತ್ತೇವೆ.

ಇದರ ಮೂಲ 1921ರ ಕಂದಾಯ ಶಾಸನದಲ್ಲಿದೆ. ಒಬ್ಬನು ತನ್ನ ಜಮೀನನ್ನು ಕೊಟ್ಟು ಮತ್ತೊಂದು ಜಮೀನನ್ನು ಪಡೆದರೆ ಅವನ ಕೈಗೆ ಹಣ ಬಂದಂತಾಗಲಿಲ್ಲ. ಹಣವಿಲ್ಲದವನು ತೆರಿಗೆಯನ್ನು ಎಲ್ಲಿಂದ ತರಬೇಕು? ಆದ್ದರಿಂದ ಅಂತಹ ವಿನಿಮಯದ ಲಾಭವನ್ನು ಕೂಡಲೇ ಎಣಿಸಬೇಕಾಗಿಲ್ಲವೆಂದಾಯಿತು. ಹಳೆಯ ಆಸ್ತಿಯ ಕ್ರಯವೇ ಹೊಸದರ ಲೆಕ್ಕದಲ್ಲಿ ಮುಂದುವರಿಯುವುದರಿಂದ ತೆರಿಗೆ ತಪ್ಪದು, ತಡವಾಗುವುದಷ್ಟೆ. 1954ರ ಸಂಹಿತೆಯಲ್ಲಿ ಇದು 1031ನೆಯ ವಿಧಿಯಾಯಿತು.

ಸವಕಳಿಯ ಕಥೆ ಇನ್ನೂ ವಿಚಿತ್ರವಾದುದು. ಭೂಮಿ ಸವೆಯುವುದಿಲ್ಲ, ಕಟ್ಟಡ ಸವೆಯುತ್ತದೆ. ಹಾಗೆ ಸವೆದಷ್ಟನ್ನು ಆದಾಯದಿಂದ ಕಳೆಯಲು 1913ರ ಶಾಸನವೇ ಅವಕಾಶ ಕೊಟ್ಟಿತ್ತು. 1954ರಲ್ಲಿ ಮೊದಲ ವರ್ಷಗಳಲ್ಲೇ ಹೆಚ್ಚು ಭಾಗವನ್ನು ಕಳೆಯಲು ಒಪ್ಪಿಗೆ ದೊರೆಯಿತು. 1981ರಲ್ಲಂತೂ ಕಟ್ಟಡ ನೂರು ವರ್ಷ ನಿಲ್ಲುವಂತಹುದಾದರೂ ಅದರ ಕ್ರಯವನ್ನು 15 ವರ್ಷಗಳಲ್ಲಿ ಕಳೆದುಬಿಡಬಹುದೆಂದು ಗೊತ್ತುಮಾಡಲಾಯಿತು. ಪೇಟೆಯಲ್ಲಿ ಬೆಲೆ ಏರುತ್ತಿದ್ದ ಕಟ್ಟಡ ಲೆಕ್ಕದ ಪುಸ್ತಕದಲ್ಲಿ ಕರಗುತ್ತಿತ್ತು. ಕಾಗದದ ಮೇಲಿನ ಆ ನಷ್ಟವನ್ನು ವೈದ್ಯರು, ವಕೀಲರು ತಮ್ಮ ವೃತ್ತಿಯ ಆದಾಯದಿಂದ ಕಳೆಯುತ್ತಿದ್ದರು. 1986ರ ಶಾಸನ ಇದನ್ನು ಬಹುಮಟ್ಟಿಗೆ ತಡೆದು, ಬಾಡಿಗೆಯ ವಾಸದ ಮನೆಗಳಿಗೆ 27½, ಇತರ ಕಟ್ಟಡಗಳಿಗೆ 31½ ವರ್ಷಗಳ ಸಮಪ್ರಮಾಣದ ಸವಕಳಿಯನ್ನು ವಿಧಿಸಿತು. ಎರಡನೆಯದು 1993ರಲ್ಲಿ 39 ಆಯಿತು. ಕಳೆದುಕೊಂಡ ಸವಕಳಿ ಮಾರುವಾಗ ಲಾಭದ ರೂಪದಲ್ಲಿ ಮರಳಿ ಎದ್ದುಬರುತ್ತದೆ, ನಿಜ. ಆದರೆ ಮಾರದೆ ವಿನಿಮಯ ಮಾಡಿಕೊಂಡರೆ ಅದೂ ಮುಂದಕ್ಕೆ ಹೋಗುತ್ತದೆ.

ವಿನಿಮಯವೆಂದರೆ ಕೈಯಿಂದ ಕೈಗೆ ಆಗಬೇಕೆ? ಆರಿಗಾನಿನ ಸ್ಟಾರ್ಕರ್ ಕುಟುಂಬ 1967ರಲ್ಲಿ ತನ್ನ ಕಾಡುಭೂಮಿಯನ್ನು ಕ್ರೌನ್ ಜೆಲ್ಲರ್‌ಬ್ಯಾಕ್ ಎಂಬ ಕಾಗದದ ಕಂಪನಿಗೆ ಬಿಟ್ಟುಕೊಟ್ಟು, ಐದು ವರ್ಷಗಳೊಳಗಾಗಿ ಬದಲಿ ಆಸ್ತಿಯನ್ನು ಪಡೆಯುವ ಕರಾರು ಮಾಡಿಕೊಂಡಿತು. ಏಕಕಾಲದಲ್ಲಿ ನಡೆಯದಿದ್ದರೂ ಇದು ವಿನಿಮಯವೇ ಎಂದು ಒಂಬತ್ತನೆಯ ಮಂಡಲದ ಅಪೀಲು ನ್ಯಾಯಾಲಯ 1979ರಲ್ಲಿ ತೀರ್ಪಿತ್ತಿತು. 1984ರಲ್ಲಿ ಅಮೆರಿಕದ ಕಾಂಗ್ರೆಸ್ಸು ಬದಲಿ ಆಸ್ತಿಯನ್ನು ಗುರುತಿಸಲು 45 ದಿನ, ಪಡೆಯಲು 180 ದಿನ ಎಂದು ಮಿತಿ ಹಾಕಿತು. ಮಿತಿ ಹಾಕಿದ್ದೆಂದರೆ ಒಪ್ಪಿದ್ದೆಂದೇ ನಮ್ಮ ಎಣಿಕೆ. 2017ರ ಶಾಸನ ಈ ಸೌಲಭ್ಯವನ್ನು ಸ್ಥಿರಾಸ್ತಿಗೆ ಮಾತ್ರ ಉಳಿಸಿತು.

ಹೀಗೆ ಮುಂದೂಡುತ್ತ ಹೋದವನು ಮೃತನಾದರೆ? ಆಸ್ತಿ ವಾರಸುದಾರರಿಗೆ ಮರಣಕಾಲದ ಬೆಲೆಯಲ್ಲಿ ಸೇರಿದಂತೆ ಲೆಕ್ಕವಾಗುತ್ತದೆ. ಅದುವರೆಗಿನ ಲಾಭದ ಮೇಲೆ ಆದಾಯ ತೆರಿಗೆ ಯಾರಿಗೂ ತಗಲುವುದಿಲ್ಲ. ತಡವೆಂಬುದು ಇಲ್ಲಿ ವಿನಾಯಿತಿಯಾಗಿ ಮಾರ್ಪಡುತ್ತದೆ. ಇದನ್ನು ತಡೆಯಲೆಂದು 1976ರಲ್ಲಿ ಕಾಂಗ್ರೆಸ್ಸು, ಮೃತನ ಹಳೆಯ ಕ್ರಯವೇ ವಾರಸುದಾರರಿಗೂ ಮುಂದುವರಿಯಬೇಕೆಂದು ವಿಧಿಸಿತು. 1978ರಲ್ಲಿ ಅದರ ಜಾರಿಯನ್ನೇ ಮುಂದೂಡಿ, 1980ರಲ್ಲಿ ರದ್ದುಗೊಳಿಸಿತು.